ಹೊಳೆಯಿಂದ ಒಲೆಗೆ: ಒಂದು ಮೀನಿನ ಚರಿತ್ರೆ

ಅಡುಗೆಮನೆಗೂ ಒಂದು ಚರಿತ್ರೆಯುಂಟೆಂದರೆ ನಗುವವರು ನಮ್ಮಲ್ಲಿದ್ದಾರೆ. ಪಟ್ಟಾಭಿಷೇಕ, ಕದನ, ಕೌಲು ಕರಾರು ಇವು ಚರಿತ್ರೆ; ಸಾರಿಗೆ ಒಗ್ಗರಣೆ ಕೊಟ್ಟದ್ದು ಚರಿತ್ರೆಯಾಗುವುದು ಹೇಗೆಂದು ಅವರ ವಾದ. ಆದರೆ ಆ ಒಗ್ಗರಣೆಯ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮದಾದದ್ದು ಎಂಬುದನ್ನು ನೆನೆದರೆ, ತಟ್ಟೆಯ ಒಂದೊಂದು ಪದಾರ್ಥದ ಹಿಂದೆಯೂ ಸಮುದ್ರಗಳೂ ಸಾಮ್ರಾಜ್ಯಗಳೂ ನಿಂತಿರುವುದು ಕಾಣುತ್ತದೆ. ಹೀಗೆ ನೋಡತಕ್ಕ ಪದಾರ್ಥಗಳಲ್ಲಿ ಒಂದು, ಮೆರುಗು ಹಚ್ಚಿ ಓವನ್ನಿನಲ್ಲಿ ಬೇಯಿಸಿದ ಸಾಲ್ಮನ್ ಮೀನು. ಅಮೆರಿಕ, ಯೂರೋಪುಗಳ ಪಟ್ಟಣಗಳಲ್ಲಿ ಇದು ಸಂಜೆಯ ಸಾಧಾರಣ ಊಟ. ಈಚೆಗೆ ಬೆಂಗಳೂರಿನ ಕೆಲವು ಮನೆಗಳಿಗೂ ಕಾಲಿಟ್ಟಿದೆ. ಇಂಗ್ಲಿಷಿನವರು ಈ ಹೆಸರನ್ನು ಬರೆಯುವಾಗ ಲಕಾರವನ್ನು ಇಟ್ಟು, ನುಡಿಯುವಾಗ ನುಂಗಿಬಿಡುತ್ತಾರೆ. ನಾವು ಬರೆದಂತೆ ಓದುವ ಜನ. ಸಾಲ್ಮನ್ ಎಂದೇ ಕರೆಯೋಣ. ಮೀನು ಮುಟ್ಟದ ಮನೆತನದ ವಾಚಕರು ಪುಟ ತಿರುವಬೇಕಾಗಿಲ್ಲ. ಇಲ್ಲಿ ಬಡಿಸುತ್ತಿರುವುದು ಚರಿತ್ರೆಯನ್ನೇ ಹೊರತು ಮೀನನ್ನಲ್ಲ.

ಪಾಕಕ್ರಮ ಬಲು ಸುಲಭ. ಮುಳ್ಳು ತೆಗೆದು ಅಂಗೈಯಗಲಕ್ಕೆ ಕೊಯ್ದ ಹೋಳುಗಳನ್ನು ನೀರಿಲ್ಲದಂತೆ ಒರಸಿ, ಅಲ್ಯೂಮಿನಿಯಂ ಹಾಳೆ ಹಾಸಿದ ತಟ್ಟೆಯ ಮೇಲೆ ಚರ್ಮ ಕೆಳಗಾಗುವಂತೆ ಇಡುತ್ತಾರೆ. ಸೋಯಾ ಸಾಸು, ಜೇನು ಇಲ್ಲವೆ ಕಂದು ಸಕ್ಕರೆ, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಇವನ್ನು ಸಣ್ಣ ಉರಿಯಲ್ಲಿ ಕುದಿಸಿ, ತುಸು ಮಂದವಾದೊಡನೆ ಇಳಿಸಿ, ಆ ಪಾಕವನ್ನು ಹೋಳುಗಳ ಮೇಲೆ ಸವರುತ್ತಾರೆ. ಮೊದಲೇ ೨೦೦ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದ ಓವನ್ನಿನಲ್ಲಿ ೧೨ರಿಂದ ೧೫ ನಿಮಿಷ ಇಟ್ಟರೆ ಸಾಕು. ಹೊರಗೆ ತೆಗೆಯುವುದಕ್ಕೆ ಮೂರು ನಾಲ್ಕು ನಿಮಿಷ ಮುಂಚೆ ಪಾಕವನ್ನು ಇನ್ನೊಮ್ಮೆ ಸವರಬೇಕು. ಎಲ್ಲವನ್ನೂ ಮೊದಲಿಗೇ ಬಳಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಚಮಚೆ ತಾಗಿಸಿದಾಗ ಮೀನು ಪದರು ಪದರಾಗಿ ಬಿಟ್ಟರೆ ಹದ. ಒಡೆದ ಹಾಲಿನಂಥ ಬಿಳಿಯ ವಸ್ತು ಮೇಲೆ ತುಂಬ ಒಸರಿದ್ದರೆ ಬೆಂದದ್ದು ಹೆಚ್ಚಾಯಿತೆಂದು ಅರ್ಥ.

ಕಾಲು ಗಂಟೆಯ ಈ ಕೆಲಸದಲ್ಲಿ ಕೂಡುವ ಪದಾರ್ಥಗಳು ಮುಖ್ಯವಾಗಿ ಮೂರು: ಮೀನು, ಒಲೆ, ಮೆರುಗು. ಮೂರೂ ಬೇರೆ ಬೇರೆ ದಿಕ್ಕಿನಿಂದ ಬಂದವು. ಆದರೆ ಅವು ಒಂದುಗೂಡಿದ ಬಗೆಯನ್ನು ವಿಚಾರಿಸುತ್ತ ಹೋದರೆ ಒಂದು ವಿಚಿತ್ರ ಸಂಗತಿ ಹೊರಬೀಳುತ್ತದೆ. ಈ ಮೀನು ನಮ್ಮ ಒಲೆಗೆ ಬರಲು ದಾರಿಯಾದ ಕಾಲದಲ್ಲಿಯೇ, ಮೀನಿನ ಸ್ವಂತ ದಾರಿ ಮುಚ್ಚಿಹೋಯಿತು. ಮುಚ್ಚಿದ ಕೈಯೂ ಒಲೆ ಹೊತ್ತಿಸಿದ ಕೈಯೂ ಒಂದೇ ಆಗಿತ್ತು.

ತವರು ಮರೆಯದ ಮೀನು

ಸಾಲ್ಮನ್ ಎಂಬುದು ಒಂದೇ ಜಾತಿಯಲ್ಲ. ಅಟ್ಲಾಂಟಿಕ್ ಸಾಗರದ ಕಡೆಯದು ಒಂದು ಜಾತಿ. ೧೭೫೮ರಲ್ಲಿ ಲಿನಿಯಸ್ ಪಂಡಿತನು ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಶಾಂತಸಾಗರದ ಕಡೆ ಚಿನೂಕ್, ಸಾಕೈ, ಕೋಹೋ ಮೊದಲಾದ ಹಲವು ಜಾತಿಗಳುಂಟು. ಮುಂಬಯಿಯಿಂದ ನಮ್ಮ ಕರಾವಳಿಯವರೆಗೆ ಕೆಲವರು ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್ ಮೀನಿಗೂ ಇವಕ್ಕೂ ನಂಟಿಲ್ಲ. ಅದು ಬೇರೆ ಕುಲದ್ದು, ಹೆಸರು ಮಾತ್ರ ಬಿಳಿಯರು ತಮ್ಮ ಊರನ್ನು ನೆನೆದು ಇಟ್ಟದ್ದು.

ನಿಜವಾದ ಸಾಲ್ಮನ್ನಿನ ಬಾಳು ಎರಡು ನೀರಿನ ಬಾಳು. ಬೆಟ್ಟದ ತಣ್ಣನೆಯ ತೊರೆಯಲ್ಲಿ, ನುರುಜುಗಲ್ಲಿನ ನಡುವೆ ಇಟ್ಟ ಮೊಟ್ಟೆಯಿಂದ ಅದು ಹುಟ್ಟುತ್ತದೆ. ಕೆಲವು ಕಾಲ ಸಿಹಿನೀರಿನಲ್ಲಿ ಬೆಳೆದು, ಹೊಳೆಯಿಳಿದು ಕಡಲು ಸೇರುತ್ತದೆ. ಅಲ್ಲಿ ಒಂದೆರಡು ವರ್ಷವೋ, ನಾಲ್ಕೈದು ವರ್ಷವೋ ಕಳೆದು ಮೈತುಂಬಿಕೊಂಡು, ಮತ್ತೆ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಸಾವಿರಾರು ಮೈಲಿ ಅಲೆದ ಮೀನು ತನ್ನ ತವರಿನ ತೊರೆಯನ್ನು ಗುರುತು ಹಿಡಿಯುವುದು ಮುಖ್ಯವಾಗಿ ವಾಸನೆಯಿಂದ. ಒಂದೊಂದು ತೊರೆಯ ಮಣ್ಣು ಮರಗಳ ಗಂಧವನ್ನೂ ಮೀನಿನ ಮೂಗು ಬೇರೆ ಬೇರೆಯಾಗಿ ಅರಿಯಬಲ್ಲುದೆಂದು ಅಮೆರಿಕದ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ಎಂಬ ವಿಜ್ಞಾನಿಗಳು ೧೯೫೧ರಲ್ಲಿ ಪ್ರಯೋಗ ಮಾಡಿ ತೋರಿಸಿದರು.

ಹೊಳೆಯೊಳಕ್ಕೆ ಬಂದ ಮೇಲೆ ಸಾಲ್ಮನ್ ಉಣ್ಣುವುದಿಲ್ಲ. ಮುಂದಿನ ಪಯಣವೆಲ್ಲ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಬಲದಿಂದ. ರಭಸಕ್ಕೆ ಎದುರಾಗಿ ಈಜಿ, ಜಲಪಾತಗಳನ್ನು ಹಾರಿ, ತವರು ಮುಟ್ಟಿ ಮೊಟ್ಟೆಯಿಟ್ಟು, ಶಾಂತಸಾಗರದ ಜಾತಿಗಳು ಅಲ್ಲಿಯೇ ಸಾಯುತ್ತವೆ. ಓವನ್ನಿನ ಒಣ ಶಾಖದಲ್ಲಿ ಬಡಕಲು ಮೀನು ಬೆಂಡಿನಂತಾಗುವಾಗ ಸಾಲ್ಮನ್ ಮಾತ್ರ ಮೃದುವಾಗಿ ಉಳಿಯುವುದು ಈ ಕೊಬ್ಬಿನಿಂದಲೇ. ಬೆಟ್ಟ ಹತ್ತಲೆಂದು ಮೀನು ಕಟ್ಟಿಕೊಂಡ ಬುತ್ತಿ ಅದು. ನಾವು ರುಚಿಯೆಂದು ಕರೆಯುವುದು ಆ ಬುತ್ತಿಯನ್ನು.

ಕಾದು ಕುಳಿತ ಜನ

ಅಮೆರಿಕದ ವಾಯವ್ಯದಲ್ಲಿ ಕೊಲಂಬಿಯಾ ಎಂಬ ಮಹಾನದಿಯುಂಟು. ಅದು ಬೆಟ್ಟಗಳನ್ನು ಸೀಳಿಕೊಂಡು ಶಾಂತಸಾಗರಕ್ಕೆ ಇಳಿಯುವ ದಾರಿಯಲ್ಲಿ ಸಿಲೈಲೋ ಎಂಬ ಜಲಪಾತವಿತ್ತು. ಅಲ್ಲಿ ನದಿ ಇದ್ದಕ್ಕಿದ್ದಂತೆ ಇಕ್ಕಟ್ಟಾಗಿ, ಕಪ್ಪು ಬಂಡೆಗಳ ನಡುವೆ ಭೋರ್ಗರೆಯುತ್ತಿತ್ತು. ಮೇಲಕ್ಕೆ ಹೋಗುವ ಸಾಲ್ಮನ್ ಮೀನೆಲ್ಲ ಆ ಇಕ್ಕಟ್ಟಿನಲ್ಲಿ ಗುಂಪುಗೂಡಲೇಬೇಕು. ಆ ಸೀಮೆಯ ಮೂಲನಿವಾಸಿಗಳು ಬಂಡೆಗಳಿಗೆ ಮರದ ಅಟ್ಟಗಳನ್ನು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉದ್ದನೆಯ ಕೋಲಿನ ಬಲೆಯಿಂದ ಮೀನನ್ನು ಎತ್ತುತ್ತಿದ್ದರು. ಆ ಪ್ರದೇಶದಲ್ಲಿ ಮನುಷ್ಯರು ಮೀನು ಹಿಡಿದ ಗುರುತುಗಳು ಸುಮಾರು ಹತ್ತು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತವೆ.

ವಸಂತದಲ್ಲಿ ಮೊದಲು ಬಂದ ಮೀನನ್ನು ಅವರು ಹಾಗೆಯೇ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅದಕ್ಕೆ ಸ್ವಾಗತದ ವಿಧಿಯಿತ್ತು, ಹಾಡಿತ್ತು. ಊರಿಗೆಲ್ಲ ಚೂರು ಚೂರು ಹಂಚಿ, ಹಲವು ಕುಲಗಳಲ್ಲಿ ಮೂಳೆಗಳನ್ನು ಹೊಳೆಗೇ ಮರಳಿಸುತ್ತಿದ್ದರು. ಹಾಗೆ ಮಾಡಿದರೆ ಮೀನು ಮರುವರ್ಷ ತಪ್ಪದೆ ಬರುವುದೆಂದು ನಂಬಿಕೆ. ನಮ್ಮಲ್ಲಿ ಹೊಸ ಭತ್ತದ ತೆನೆಯನ್ನು ಮನೆತುಂಬಿಸಿಕೊಳ್ಳುವವರೆಗೂ ಹೊಸ ಅಕ್ಕಿಯನ್ನು ಉಣ್ಣದ ಸಂಪ್ರದಾಯವುಂಟಲ್ಲ, ಅದೇ ಭಾವ. ಈ ವಿಧಿಗೆ ಒಂದು ವ್ಯಾವಹಾರಿಕ ಫಲವೂ ಇತ್ತು. ಜನ ವಿಧಿಗಾಗಿ ಕೈತಡೆದ ದಿನಗಳಲ್ಲಿ ಬಹಳಷ್ಟು ಮೀನು ಮೇಲಕ್ಕೆ ಸಾಗಿ ಸಂತತಿ ಉಳಿಸುತ್ತಿತ್ತು.

ಅವರ ಅಡುಗೆಗೆ ಗೂಡಿನ ಒಲೆಯಿರಲಿಲ್ಲ. ಮೀನನ್ನು ಸೀಳಿ ಹರವಿ, ಕಡ್ಡಿಗಳಿಗೆ ಪೋಣಿಸಿ, ಕೆಂಡದ ಸುತ್ತ ನೆಟ್ಟು, ಕಾವಿನಲ್ಲಿ ಮೆಲ್ಲಗೆ ಬೇಯಿಸುತ್ತಿದ್ದರು. ಉಳಿದದ್ದನ್ನು ಗಾಳಿಗೂ ಹೊಗೆಗೂ ಒಡ್ಡಿ ಒಣಗಿಸುತ್ತಿದ್ದರು. ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ೧೮೦೫ರ ಅಕ್ಟೋಬರಿನಲ್ಲಿ ಈ ದಾರಿಯಾಗಿ ಬಂದಾಗ, ಒಣಗಿಸಿ ಕುಟ್ಟಿದ ಸಾಲ್ಮನ್ನನ್ನು ಮೀನಿನ ಚರ್ಮವನ್ನೇ ಒಳಗೆ ಹಾಸಿದ ಬುಟ್ಟಿಗಳಲ್ಲಿ ಗಟ್ಟಿಯಾಗಿ ಅದುಮಿ ಇಟ್ಟಿದ್ದನ್ನು ಕಂಡರು. ಒಂದೊಂದು ಬುಟ್ಟಿ ೯೦ರಿಂದ ೧೦೦ ಪೌಂಡು ತೂಕವೆಂದೂ, ವರ್ಷಗಟ್ಟಲೆ ಕೆಡದೆ ಉಳಿಯುವುದೆಂದೂ ಕ್ಲಾರ್ಕ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸಿಲೈಲೋ ಬರಿಯ ಮೀನಿನ ತಾಣವಲ್ಲ, ದೂರದೂರದ ಕುಲಗಳು ಕೂಡುವ ಸಂತೆಯೂ ಆಗಿತ್ತು.

ಡಬ್ಬಿಯ ಯುಗ

ಬಿಳಿಯರು ಈ ಸೀಮೆಯಲ್ಲಿ ನೆಲೆಯೂರಿದ ಮೇಲೆ ಮೀನಿಗೆ ಡಬ್ಬಿಯ ಯುಗ ಬಂತು. ಹ್ಯೂಮ್ ಸಹೋದರರೂ ಅವರ ಪಾಲುಗಾರ ಆಂಡ್ರೂ ಹ್ಯಾಪ್‌ಗುಡ್ಡನೂ ೧೮೬೪ರಲ್ಲಿ ಕ್ಯಾಲಿಫೋರ್ನಿಯದ ಸಾಕ್ರಮೆಂಟೊ ನದಿಯಲ್ಲಿ ಸಾಲ್ಮನ್ನನ್ನು ತಗಡಿನ ಡಬ್ಬಿಗೆ ತುಂಬುವ ಕೆಲಸ ಆರಂಭಿಸಿದರು. ಆ ನದಿಯಲ್ಲಿ ಚಿನ್ನ ಅಗೆಯುವವರು ಕೊಚ್ಚಿಬಿಟ್ಟ ಮಣ್ಣಿನಿಂದ ಮೀನು ಕ್ಷೀಣಿಸುತ್ತಿತ್ತು. ೧೮೬೬ರಲ್ಲಿ ಅವರು ಕೊಲಂಬಿಯಾಕ್ಕೆ ಬಂದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ನದಿಯ ಉದ್ದಕ್ಕೂ ಕಾರ್ಖಾನೆಗಳೆದ್ದವು. ೧೮೮೩ರಲ್ಲಿ ಆ ಒಂದೇ ನದಿಯಿಂದ ಹಿಡಿದ ಚಿನೂಕ್ ಮೀನು ನಾಲ್ಕು ಕೋಟಿ ಪೌಂಡಿಗೂ ಮೀರಿತ್ತು. ಚಿನೂಕ್ ಹಿಡಿತಕ್ಕೆ ಅದೇ ಶಿಖರವರ್ಷ. ಅಂಥ ಸುಗ್ಗಿ ಮತ್ತೆ ಬರಲಿಲ್ಲ.

ಕಾರ್ಖಾನೆಗಳಲ್ಲಿ ನಿಂತು ಮೀನು ಕೊಯ್ದವರು ಬಹುಮಟ್ಟಿಗೆ ಚೀಣೀ ಕೂಲಿಕಾರರು. ಅವರ ಕೈಚಳಕ ಅದ್ಭುತವಾದದ್ದು. ಅವರಿಗೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡ್ಮಂಡ್ ಸ್ಮಿತ್ ಎಂಬಾತ ಮೀನು ಕೊಯ್ಯುವ ಯಂತ್ರ ಕಂಡುಹಿಡಿದಾಗ, ಚೀಣೀಯರನ್ನು ಹೀಗಳೆಯುವ ಬೈಗುಳವನ್ನೇ ಆ ಯಂತ್ರಕ್ಕೆ ಹೆಸರಾಗಿ ಇಟ್ಟು ಮಾರಿದರು.

ಡಬ್ಬಿಯ ಸಾಲ್ಮನ್ ಇಂಗ್ಲೆಂಡಿನ ಕಾರ್ಮಿಕರ ಮನೆಯ ಭಾನುವಾರದ ಊಟವಾಯಿತು; ಎರಡು ಮಹಾಯುದ್ಧಗಳಲ್ಲಿ ಸಿಪಾಯಿಗಳ ಚೀಲ ಸೇರಿತು. ಡಬ್ಬಿಯ ಆಹಾರ ಭಾರತದ ದಂಡುಪ್ರದೇಶಗಳಿಗೂ ಬಂತು. ದೊರೆಗಳ ಮೇಜಿನ ಮೇಲೆ ತಾಜಾ ಪದಾರ್ಥಕ್ಕಿಂತ ಸೀಮೆಯಿಂದ ಬಂದ ಡಬ್ಬಿಗೇ ಗೌರವ ಹೆಚ್ಚಾಗಿತ್ತು. ಮದರಾಸಿನ ಸೈನ್ಯಾಧಿಕಾರಿ ಕೆನ್ನಿ ಹರ್ಬರ್ಟನು ೧೮೭೮ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಈ ಡಬ್ಬಿಯ ವ್ಯಾಮೋಹವನ್ನು ಹಾಸ್ಯ ಮಾಡಿ, ಪೇಟೆಯಲ್ಲಿ ಸಿಗುವ ಒಳ್ಳೆಯ ಮೀನು ತರಕಾರಿಗಳನ್ನು ಬಳಸಿರೆಂದು ತನ್ನವರಿಗೆ ಬುದ್ಧಿ ಹೇಳಿದನು.

ಮನೆಗೆ ಬಂದ ಶಾಖಮಾಪಕ

ಇನ್ನು ಒಲೆಯ ಮಾತು. ನಮ್ಮ ಒಲೆಯ ಬಾಯಿ ಮೇಲಕ್ಕೆ; ಪಾತ್ರೆಯ ತಳಕ್ಕೆ ಉರಿ ತಗಲುತ್ತದೆ. ಓವನ್ ಹಾಗಲ್ಲ. ಅದು ಮುಚ್ಚಿದ ಗೂಡು. ಪದಾರ್ಥ ಬೇಯುವುದು ಸುತ್ತಲಿನ ಕಾದ ಗಾಳಿಯಿಂದ. ಯೂರೋಪಿನಲ್ಲಿಯೂ ಬಹುಕಾಲ ಓವನ್ ಎಂದರೆ ರೊಟ್ಟಿಯವನ ಗೂಡೇ. ಮನೆಗೆ ಕಬ್ಬಿಣದ ಒಲೆಗಳು ಬಂದ ಮೇಲೂ ಅದರೊಳಗಿನ ಕಾವನ್ನು ಅಳೆಯಲು ಅಡುಗೆಯವಳು ಕೈ ಚಾಚಿ ಎಣಿಸುತ್ತಿದ್ದಳು. ಇಲ್ಲವೆ ಒಂದು ಚೂರು ಕಾಗದವನ್ನೋ ಚಿಟಿಕೆ ಹಿಟ್ಟನ್ನೋ ಒಳಗಿಟ್ಟು ಎಷ್ಟು ಹೊತ್ತಿಗೆ ಕೆಂಪಾಯಿತೆಂದು ನೋಡುತ್ತಿದ್ದಳು. ರೊಟ್ಟಿಗೆ ಈ ಅಂದಾಜು ಸಾಕು. ಒಂದೆರಡು ನಿಮಿಷ ಹೆಚ್ಚಾದರೂ ಒಣಗಿಹೋಗುವ ಮೀನಿನ ಹೋಳಿಗೆ ಸಾಲದು. ಆದಕಾರಣ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ಇಡೀ ಸಾಲ್ಮನ್ನನ್ನು ಉದ್ದನೆಯ ಪಾತ್ರೆಯಲ್ಲಿ ನೀರಿಗೆ ಹಾಕಿ ಬೇಯಿಸುವುದೇ ವಾಡಿಕೆಯಾಗಿತ್ತು. ನೀರು ಕುದಿಯುವ ಕಾವನ್ನು ಮೀರುವುದಿಲ್ಲವಷ್ಟೆ.

೧೯೧೫ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಲೊರೇನ್ ಪಟ್ಟಣದಲ್ಲಿ ಗ್ಯಾಸ್ ಓವನ್ನಿನ ಕಾವನ್ನು ತಾನೇ ಹಿಡಿದಿಡುವ ಸಾಧನ ಸಿದ್ಧವಾಯಿತು. ೧೯೨೩ರಲ್ಲಿ ಇಂಗ್ಲೆಂಡಿನಲ್ಲಿಯೂ ಅಂಥದೇ ‘ರೆಗ್ಯುಲೊ’ ಬಂತು. ತಿರುಪು ತಿರುಗಿಸಿ ಅಂಕಿಗೆ ಇಟ್ಟರೆ ಮುಗಿಯಿತು. ‘ಇಷ್ಟು ಡಿಗ್ರಿ, ಇಷ್ಟು ನಿಮಿಷ’ ಎಂಬ ಇಂದಿನ ಪಾಕಶಾಸ್ತ್ರದ ಭಾಷೆ ಹುಟ್ಟಿದ್ದು ಆಗ. ಅಜ್ಜಿ ಮೊಮ್ಮಗಳಿಗೆ ಕೈಹಿಡಿದು ಕಲಿಸಬೇಕಾಗಿದ್ದ ಹದ ಅಚ್ಚಿನ ಪುಸ್ತಕಕ್ಕೆ ಇಳಿಯಿತು. ಗ್ಯಾಸಿನ ತರುವಾಯ ವಿದ್ಯುತ್ತಿನ ಓವನ್ನು ಬಂತು. ಅಷ್ಟು ವಿದ್ಯುತ್ತು ಅಗ್ಗವಾಗಿ ಸಿಗಬೇಕಲ್ಲ! ಅದು ಎಲ್ಲಿಂದ ಬಂತೆಂದು ಕೇಳಿದರೆ, ಉತ್ತರ ನಮ್ಮನ್ನು ಮತ್ತೆ ಕೊಲಂಬಿಯಾ ನದಿಗೇ ಕರೆತರುತ್ತದೆ.

ಮುಳುಗಿದ ಜಲಪಾತ

ಕೊಲಂಬಿಯಾದ ಮೇಲೆ ೧೯೩೮ರಲ್ಲಿ ಬಾನ್‌ವಿಲ್ ಅಣೆಕಟ್ಟಿನಿಂದ ವಿದ್ಯುತ್ತು ಹರಿಯತೊಡಗಿತು. ಅಲ್ಲಿ ಮೀನಿಗೆಂದು ಮೆಟ್ಟಲುಗಳಂಥ ಕಾಲುವೆ ಕಟ್ಟಿದರು. ದೊಡ್ಡ ಮೀನು ಹತ್ತಿಹೋಗುತ್ತಿದ್ದವು, ಆದರೆ ಕಡಲಿಗಿಳಿಯುವ ಮರಿಗಳಲ್ಲಿ ಎಷ್ಟೋ ತಿರುಗುಚಕ್ರಗಳಿಗೆ ಸಿಕ್ಕಿ ಸತ್ತವು. ೧೯೪೨ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟು ೫೫೦ ಅಡಿ ಎತ್ತರದ್ದು. ಅಲ್ಲಿ ಮೆಟ್ಟಲನ್ನೂ ಕಟ್ಟಲಿಲ್ಲ. ಅದರ ಮೇಲಿನ ಸಾವಿರ ಮೈಲಿಗೂ ಹೆಚ್ಚಿನ ತೊರೆಗಳಿಗೆ ಸಾಲ್ಮನ್ನಿನ ಬರವು ಅಲ್ಲಿಗೇ ನಿಂತಿತು. ಕೆಟಲ್ ಫಾಲ್ಸ್ ಎಂಬ ಪುರಾತನ ಮೀನುತಾಣ ಮುಳುಗುವ ಮುನ್ನ, ೧೯೪೦ರ ಜೂನಿನಲ್ಲಿ, ಮೂಲನಿವಾಸಿಗಳು ಅಲ್ಲಿ ಕೂಡಿ ‘ಕಣ್ಣೀರಿನ ವಿಧಿ’ ನಡೆಸಿದರು.

ಅಣೆಕಟ್ಟು ಕಟ್ಟಿದವರು ದುಷ್ಟರೆಂದು ಬಗೆಯುವುದು ನ್ಯಾಯವಲ್ಲ. ಆರ್ಥಿಕ ಮುಗ್ಗಟ್ಟಿನಲ್ಲಿ ಬೆಂದ ಜನಕ್ಕೆ ಅವು ಕೂಲಿ ಕೊಟ್ಟವು; ಕತ್ತಲೆಯ ಹಳ್ಳಿಗಳಿಗೆ ದೀಪ ಕೊಟ್ಟವು; ಒಣನೆಲಕ್ಕೆ ನೀರುಣಿಸಿದವು. ೧೯೪೧ರಲ್ಲಿ ಸರ್ಕಾರವು ವುಡಿ ಗತ್ರಿ ಎಂಬ ಪ್ರಸಿದ್ಧ ಜಾನಪದ ಗಾಯಕನನ್ನು ಒಂದು ತಿಂಗಳ ಸಂಬಳಕ್ಕೆ ನೇಮಿಸಿಕೊಂಡಿತು. ಆತ ಈ ನದಿ, ಅಣೆಕಟ್ಟುಗಳ ಮೇಲೆ ೨೬ ಹಾಡು ಕಟ್ಟಿದ. ಅಗ್ಗದ ವಿದ್ಯುತ್ತಿನಿಂದ ಆ ಸೀಮೆಯಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳೆದ್ದವು. ಯುದ್ಧಕಾಲದಲ್ಲಿ ವಿಮಾನಗಳಾದ ಆ ಲೋಹ, ಯುದ್ಧ ಮುಗಿದ ಮೇಲೆ ಅಡುಗೆಮನೆಯ ತೆಳುಹಾಳೆಯಾಗಿಯೂ ಬಂತು. ಗೃಹಿಣಿಯರಿಗೆ ವಿದ್ಯುತ್ತಿನ ಒಲೆ ಸುಲಭವಾಯಿತು. ಮೀನನ್ನು ಕಾಯಿಸುವ ಶಾಖವೂ ಅದರ ಕೆಳಗೆ ಹಾಸುವ ಹಾಳೆಯೂ, ಮೀನಿನ ದಾರಿ ಕಟ್ಟಿದ ಗೋಡೆಯಿಂದಲೇ ಹೊರಟದ್ದು ಹೀಗೆ.

ಕಡೆಗೆ ಸಿಲೈಲೋವಿನ ಸರದಿ. ೧೮೫೫ರಲ್ಲಿ ಯಾಕಮಾ, ಯುಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಕುಲಗಳು ತಮ್ಮ ನೆಲದ ಬಹುಭಾಗವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಂಡಾಗ, ರೂಢಿಯ ತಾಣಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮಾತ್ರ ಕೈಬಿಟ್ಟಿರಲಿಲ್ಲ. ಆ ಹಕ್ಕು ಕಾಗದದಲ್ಲಿ ಹಾಗೆಯೇ ಇತ್ತು; ತಾಣ ಮಾತ್ರ ಇಲ್ಲದಾಯಿತು. ೧೯೫೭ರ ಮಾರ್ಚ್ ೧೦ರಂದು ಕೆಳಗಿನ ಡಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಇಳಿಸಿದರು. ದಡದಲ್ಲಿ ಜನ ನೋಡುತ್ತ ನಿಂತಿದ್ದಂತೆ ನೀರು ಏರಿ, ಕೆಲವೇ ಗಂಟೆಗಳಲ್ಲಿ ಜಲಪಾತ, ಬಂಡೆ, ಅಟ್ಟ ಎಲ್ಲವೂ ಅಡಗಿದವು. ಶತಮಾನಗಳ ಆ ಭೋರ್ಗರೆತ ಸಂಜೆಯ ಹೊತ್ತಿಗೆ ನಿಶ್ಶಬ್ದ. ಕುಲಗಳಿಗೆ ಎಲ್ಲ ಸೇರಿ ಸುಮಾರು ೨ ಕೋಟಿ ೭೦ ಲಕ್ಷ ಡಾಲರು ಪರಿಹಾರ ಸಂದಿತು. ಮುಳುಗಡೆ ಎಂಬ ಮಾತಿನ ಅರ್ಥವನ್ನು ಶರಾವತಿ ಸೀಮೆಯ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಇದು ಅಮೆರಿಕದ ಮಾತಷ್ಟೇ ಅಲ್ಲ. ಥೇಮ್ಸ್ ನದಿಯ ಸಾಲ್ಮನ್ ೧೮೩೦ರ ದಶಕಕ್ಕಾಗಲೇ ನಿಶ್ಶೇಷವಾಗಿತ್ತು. ನಮ್ಮ ದೇಶದಲ್ಲಿ ಕಡಲಿನಿಂದ ಹೊಳೆಗೆ ಏರಿ ಬಂದು ಮೊಟ್ಟೆಯಿಡುವ ಮೀನು ಹಿಲ್ಸಾ. ಬಂಗಾಳಿಗಳು ಇಲಿಶ್ ಎಂದೂ ಗೋದಾವರಿ ತೀರದವರು ಪುಲಸ ಎಂದೂ ಪ್ರಾಣಬಿಡುವ ಮೀನು ಅದೇ. ಕಾವೇರಿಯಲ್ಲಿಯೂ ಅದು ಏರಿಬರುತ್ತಿತ್ತು. ೧೯೩೪ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಕಾವೇರಿಯ ಹಿಲ್ಸಾ ಕ್ಷೀಣಿಸಿತು. ೧೯೭೫ರಲ್ಲಿ ಫರಕ್ಕಾ ಬ್ಯಾರೇಜು ಬಂದ ಮೇಲೆ ಗಂಗೆಯ ಮೇಲ್ಭಾಗಕ್ಕೆ ಅದು ಅಪರೂಪವಾಯಿತು.

ಮೆರುಗಿನ ಪಯಣ

ಸಿಲೈಲೋ ಮುಳುಗಿದ ೧೯೫೭ನೆಯ ವರ್ಷದಲ್ಲಿಯೇ, ಅದೇ ಶಾಂತಸಾಗರದ ತೀರದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಇನ್ನೊಂದು ಸಣ್ಣ ಘಟನೆ ನಡೆಯಿತು. ಜಪಾನಿನ ಕಿಕ್ಕೋಮನ್ ಎಂಬ ಸೋಯಾ ಸಾಸಿನ ಸಂಸ್ಥೆ ಅಲ್ಲಿ ತನ್ನ ಮಾರಾಟದ ಕಚೇರಿ ತೆರೆಯಿತು. ಈ ಸಂಸ್ಥೆ ೧೯೧೭ರಲ್ಲಿ ನೋಡಾ ಪಟ್ಟಣದ ಸೋಯಾ ತಯಾರಕ ಮನೆತನಗಳು ಒಂದುಗೂಡಿ ಕಟ್ಟಿದ್ದು. ಎಡೋ ನಗರ, ಎಂದರೆ ಇಂದಿನ ಟೋಕಿಯೊ, ಬೆಳೆದ ಕಾಲದಿಂದಲೂ ನೋಡಾದ ಸಾಸು ನದಿಯ ದೋಣಿಗಳಲ್ಲಿ ಆ ನಗರಕ್ಕೆ ಹೋಗುತ್ತಿತ್ತು.

ಜಪಾನೀ ಭಾಷೆಯಲ್ಲಿ ‘ತೆರಿ’ ಎಂದರೆ ಹೊಳಪು, ‘ಯಾಕಿ’ ಎಂದರೆ ಸುಡುವುದು. ಸೋಯಾ ಸಾಸು ಮತ್ತು ‘ಮಿರಿನ್’ ಎಂಬ ಸಿಹಿ ಅಕ್ಕಿಮದ್ಯಗಳ ಪಾಕವನ್ನು ಬೆಂಕಿಯ ಮೇಲಿನ ಮೀನಿಗೆ ಮತ್ತೆ ಮತ್ತೆ ಸವರಿ ಹೊಳಪು ಬರಿಸುವುದೇ ತೆರಿಯಾಕಿ. ಶಾಖದಲ್ಲಿ ನೀರು ಆವಿಯಾಗಿ ಸಕ್ಕರೆ ಮಂದವಾಗುತ್ತದೆ. ಸಕ್ಕರೆಯ ಅಂಶವೂ ಸೋಯಾದ ಸಸಾರಜನಕದ ಅಂಶವೂ ಕೂಡಿ ಕಂದುಬಣ್ಣವೂ ಕಮ್ಮನೆಯ ವಾಸನೆಯೂ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಮಯ್ಯಾರ್ ಈ ಕ್ರಿಯೆಯನ್ನು ೧೯೧೨ರಲ್ಲಿ ವಿವರಿಸಿದುದರಿಂದ ಅದಕ್ಕೆ ಆತನ ಹೆಸರೇ ನಿಂತಿದೆ. ನಮ್ಮ ದೋಸೆಯ ಹೊಂಬಣ್ಣವೂ ಹುರಿದ ಕಾಫಿಬೀಜದ ಪರಿಮಳವೂ ಆ ವರ್ಗಕ್ಕೇ ಸೇರಿದವು.

೧೮೮೫ರಿಂದ ಸಾವಿರಾರು ಜಪಾನೀಯರು ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದರು. ಮಿರಿನ್ ದುಬಾರಿ, ಸಕ್ಕರೆ ಧಾರಾಳ. ಹೀಗಾಗಿ ಹೊರನಾಡಿನ ತೆರಿಯಾಕಿಗೆ ಕಂದು ಸಕ್ಕರೆ, ಶುಂಠಿ, ಬೆಳ್ಳುಳ್ಳಿ, ಅನಾನಸಿನ ರಸ ಸೇರಿದವು. ಕಿಕ್ಕೋಮನ್ನಿನವರು ಅಮೆರಿಕದ ಅಂಗಡಿಗಳಲ್ಲಿ ಮಾಂಸವನ್ನು ಸಾಸಿನಲ್ಲಿ ಬೇಯಿಸಿ ಗಿರಾಕಿಗಳಿಗೆ ರುಚಿ ತೋರಿಸಿದರು. ೧೯೬೧ರಲ್ಲಿ ತೆರಿಯಾಕಿ ಪಾಕವನ್ನೇ ಸೀಸೆಯಲ್ಲಿ ತುಂಬಿ ಮಾರತೊಡಗಿದರು. ಸಿಯಾಟಲ್, ಪೋರ್ಟ್‌ಲೆಂಡುಗಳ ಮನೆಯವರು ಆ ಪಾಕವನ್ನು ತಮ್ಮ ಸೀಮೆಯ ಮೀನಿಗೆ ಸವರಿ ತಮ್ಮ ಓವನ್ನಿನೊಳಗೆ ಇಟ್ಟರು.

ಬೇಲಿಯೊಳಗಿನ ಮೀನು

ಮೂರೂ ಕೂಡಿದವು ನಿಜ. ಆದರೆ ಮೀನು ಋತುವಿಗೊಮ್ಮೆ ಬರುವ ಮೀನಾಗಿಯೇ ಉಳಿದಿದ್ದರೆ ಇದು ದಿನದ ಅಡುಗೆಯಾಗುತ್ತಿರಲಿಲ್ಲ. ಆ ಕೊನೆಯ ಹೆಜ್ಜೆ ನಾರ್ವೆಯದು. ೧೯೭೦ರಲ್ಲಿ ಹಿತ್ರಾ ದ್ವೀಪದ ಗ್ರೊಂಟ್ವೆಟ್ ಸಹೋದರರು ಎಂಟು ಮೂಲೆಯ ತೇಲುವ ಬಲೆಗೂಡನ್ನು ಕಡಲಿನಲ್ಲಿ ಬಿಟ್ಟು ೨೦,೦೦೦ ಸಾಲ್ಮನ್ ಮರಿಗಳನ್ನು ಸಾಕಿದರು. ಅದೇ ದಶಕದಲ್ಲಿ ತ್ರಿಗ್ವೆ ಯೆದ್ರೆಮ್ ಎಂಬ ತಳಿವಿಜ್ಞಾನಿಯೂ ಅವನ ಸಂಗಡಿಗರೂ ಸುಮಾರು ೪೦ ನದಿಗಳ ಮೀನುಗಳಿಂದ ಆರಿಸಿ, ಬೇಗ ಬೆಳೆಯುವ ತಳಿಯನ್ನು ರೂಪಿಸಿದರು. ದನದ ತಳಿಯನ್ನು ಸುಧಾರಿಸುವ ವಿದ್ಯೆಯನ್ನೇ ಮೀನಿಗೆ ಹೊಂದಿಸಿದರು. ೧೯೮೫ರಲ್ಲಿ ನಾರ್ವೆಯ ಮಂತ್ರಿ ತೋರ್ ಲಿಸ್ತೌ ನಿಯೋಗವೊಂದನ್ನು ಕರೆದುಕೊಂಡು ಜಪಾನಿಗೆ ಹೋದನು. ಜಪಾನೀಯರು ಸಾಲ್ಮನ್ನನ್ನು ಉಪ್ಪು ಹಚ್ಚಿ ಸುಟ್ಟು ತಿನ್ನುವವರೇ ಹೊರತು, ಹುಳುವಿನ ಭಯದಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ. ಕಾಳಿನಂಥ ಮೇವು ತಿಂದು ಬೆಳೆದ ಸಾಕುಮೀನಿಗೆ ಆ ಭಯವಿಲ್ಲವೆಂದು ವರ್ಷಗಟ್ಟಲೆ ಹೇಳಿ ನಂಬಿಸಿದ ಮೇಲೆ ಸಾಲ್ಮನ್ ಸುಶಿ ಲೋಕಪ್ರಸಿದ್ಧವಾಯಿತು. ಈಗ ನಾರ್ವೆ ವರ್ಷಕ್ಕೆ ಸುಮಾರು ೧೫ ಲಕ್ಷ ಟನ್ ಸಾಲ್ಮನ್ ಬೆಳೆಯುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವುದು ಸಾಮಾನ್ಯವಾಗಿ ಈ ಬಗೆಯ ಸಾಕುಮೀನೇ.

ಕಡಲಿನ ಸಾಲ್ಮನ್ನಿಗೆ ಕಿತ್ತಳೆಗೆಂಪು ಬಣ್ಣ ಬರುವುದು ಅದು ತ��ನ್ನುವ ಸಿಗಡಿಯಂಥ ಸಣ್ಣ ಜೀವಿಗಳಿಂದ. ಗೂಡಿನ ಮೀನಿಗೆ ಆ ಬಣ್ಣದ ದ್ರವ್ಯವನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಮೇವಿನ ಉಳಿದ ಪಾಲು ಸಣ್ಣಮೀನಿನ ಹಿಟ್ಟು, ಎಣ್ಣೆ, ಮತ್ತು ಹೆಚ್ಚುಹೆಚ್ಚಾಗಿ ಸೋಯಾ. ಹೀಗೆ ತಟ್ಟೆಯ ಮೇಲಿನ ಹೋಳಿಗೆ ಹೊರಗೂ ಸೋಯಾ, ಒಳಗೂ ಸೋಯಾ! ಸಣ್ಣಮೀನನ್ನು ಅರೆದು ಸಾಕುಮೀನಿಗೆ ಉಣಿಸುವ ವ್ಯವಹಾರ ನಮಗೂ ಹೊಸದಲ್ಲ. ಮಂಗಳೂರು ಮಲ್ಪೆಗಳ ಕಡೆ ಬಡವರ ಊಟದ ಬೂತಾಯಿಯನ್ನು ಹಿಟ್ಟು ಎಣ್ಣೆ ಮಾಡುವ ಕಾರ್ಖಾನೆಗಳಿವೆ. ಇತ್ತ ಗೂಡುಗಳಲ್ಲಿ ಬೆಳೆಯುವ ಹೇನುಗಳೂ, ತಪ್ಪಿಸಿಕೊಂಡ ಸಾಕುಮೀನುಗಳೂ ಹೊಳೆಯ ಮೂಲ ಮೀನಿಗೆ ಕಂಟಕವಾಗಿವೆ. ೨೦೨೪ರ ಬೇಸಗೆಯಲ್ಲಿ ಮರಳಿ ಬಂದ ಕಾಡುಮೀನು ತೀರ ಕಡಿಮೆಯಾದುದನ್ನು ಕಂಡು ನಾರ್ವೆ ಸರ್ಕಾರವೇ ೩೩ ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಲೋಕಕ್ಕೆಲ್ಲ ಸಾಲ್ಮನ್ ಒದಗಿಸುವ ದೇಶದ ಹೊಳೆಗಳಲ್ಲಿಯೇ ಸಾಲ್ಮನ್ನಿಗೆ ಬರ!

ಮರಳಿ ಬಂದವು

ಇಷ್ಟೇ ಆಗಿದ್ದರೆ ಇದು ದುಃಖದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಕಾಗದದಲ್ಲಿ ಉಳಿದಿದ್ದ ೧೮೫೫ರ ಹಕ್ಕು ಸತ್ತಿರಲಿಲ್ಲ. ಅದೇ ಕಾಲದ ಒಪ್ಪಂದಗಳನ್ನು ಹಿಡಿದು ವಾಷಿಂಗ್ಟನ್ ಪ್ರಾಂತದ ಕುಲಗಳು ನ್ಯಾಯಾಲಯಕ್ಕೆ ಹೋದವು. ಹಿಡಿಯತಕ್ಕ ಮೀನಿನಲ್ಲಿ ಅರ್ಧಪಾಲು ಅವರದೆಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ೧೯೭೪ರಲ್ಲಿ ತೀರ್ಪು ಕೊಟ್ಟನು. ೧೯೭೯ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಮೀನಿನ ಹಕ್ಕಿದ್ದವರಿಗೆ ಮೀನು ಉಳಿಸುವ ವಿಚಾರದಲ್ಲಿ ಮಾತಾಡುವ ಬಾಯಿಯೂ ಬಂತು. ೨೦೧೧ರಿಂದ ೨೦೧೪ರವರೆಗೆ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು ಕೆಡವಿದರು. ಓರೆಗಾನ್ ಕ್ಯಾಲಿಫೋರ್ನಿಯಗಳ ನಡುವಿನ ಕ್ಲಾಮತ್ ನದಿಯಲ್ಲಿ ಯುರೋಕ್, ಕರುಕ್ ಮೊದಲಾದ ಕುಲಗಳು ದಶಕಗಳ ಕಾಲ ಹೋರಾಡಿ, ೨೦೨೩ ಮತ್ತು ೨೦೨೪ರಲ್ಲಿ ನಾಲ್ಕು ಅಣೆಕಟ್ಟುಗಳನ್ನು ತೆಗೆಸಿದರು.

ಕೊನೆಯ ಗೋಡೆ ಬಿದ್ದ ಕೆಲವೇ ವಾರಗಳಲ್ಲಿ, ೨೦೨೪ರ ಅಕ್ಟೋಬರಿನಲ್ಲಿ, ಶತಮಾನಕ್ಕೂ ಹೆಚ್ಚು ಕಾಲ ಸಾಲ್ಮನ್ ಕಾಣದಿದ್ದ ಮೇಲಿನ ತೊರೆಗಳಲ್ಲಿ ಚಿನೂಕ್ ಮೀನುಗಳು ಕಾಣಿಸಿಕೊಂಡವು. ಇದರಲ್ಲಿ ಒಂದು ಸೋಜಿಗವಿದೆ. ಆ ಮೀನುಗಳು ಹುಟ್ಟಿದ್ದು ಅಲ್ಲಲ್ಲ. ಅವುಗಳ ತಾಯಿ ತಂದೆ ಹುಟ್ಟಿದ್ದೂ ಅಲ್ಲಲ್ಲ. ಸಾಲ್ಮನ್ ಹಿಂಡಿನಲ್ಲಿ ಹೆಚ್ಚಿನವು ತವರಿಗೇ ಮರಳಿದರೂ ಕೆಲವು ಯಾವಾಗಲೂ ಬೇರೆ ನೀರನ್ನು ಹುಡುಕಿಕೊಂಡು ಹೋಗುತ್ತವೆಯಂತೆ. ಹಿಮಯುಗ ಕಳೆದ ಮೇಲೆ ಉತ್ತರದ ಹೊಳೆಗಳೆಲ್ಲ ಮೀನಿನಿಂದ ತುಂಬಿದ್ದು ಇಂಥ ದಾರಿ ಬಿಟ್ಟವುಗಳಿಂದಲೇ. ಯಾರೂ ಅವಕ್ಕೆ ಮೇವು ಹಾಕಲಿಲ್ಲ, ಬಣ್ಣ ಕೊಡಲಿಲ್ಲ, ಗೂಡು ಕಟ್ಟಲಿಲ್ಲ. ಅಡ್ಡಗೋಡೆಯೊಂದನ್ನು ತೆಗೆದರು, ಅಷ್ಟೆ.

ಓವನ್ನಿನ ತಿರುಪು ತಿರುಗಿಸಿ ಕಾಲು ಗಂಟೆಯಲ್ಲಿ ಮೀನು ಬೇಯಿಸಿಕೊಳ್ಳುವ ಸೌಕರ್ಯವನ್ನು ಇನ್ನು ಯಾರೂ ಬಿಡಲಾರರು. ಬಿಡಬೇಕೆಂದು ಹೇಳುವುದೂ ನಮ್ಮ ಉದ್ದೇಶವಲ್ಲ. ಆದರೆ ಬೆಲೆಚೀಟಿಯಲ್ಲಿ ಅಚ್ಚಾಗದ ಬೆಲೆಯೊಂದು ಆ ಹೋಳಿಗೆ ಉಂಟು. ಅದನ್ನು ಬಹುಕಾಲ ತೆತ್ತವು ಹೊಳೆಗಳು, ಹೊಳೆಯ ದಡದಲ್ಲಿ ಕಾದು ಕುಳಿತ ಜನ. ಆ ಸಾಲದಲ್ಲಿ ಒಂದಿಷ್ಟನ್ನು ಮನಸ್ಸು ಮಾಡಿದರೆ ತೀರಿಸಬಹುದೆಂಬುದನ್ನು ಕ್ಲಾಮತ್ ನದಿ ತೋರಿಸಿಕೊಟ್ಟಿದೆ. ಸಿಲೈಲೋ ಇಂದಿಗೂ ನೀರಿನಡಿಯಲ್ಲಿದೆ. ಸರೋವರದ ತಳವನ್ನು ಶಬ್ದತರಂಗಗಳಿಂದ ಅಳೆದು ನೋಡಿದವರು, ಆ ಬಂಡೆಗಳು ಮುಕ್ಕಾಗದೆ ಮೊದಲಿನಂತೆಯೇ ಇವೆಯೆಂದು ಹೇಳಿದ್ದಾರೆ.